ಸಣ್ಣ ನಿಲ್ದಾಣದಿಂದ ರೈಲು ಹತ್ತುವವರಿಗೆ: ಕಡೂರು–ಚಿಕ್ಕಮಗಳೂರು ಕವಲು ಮಾರ್ಗದ ಮಾರ್ಗದರ್ಶಿ

ಸಖರಾಯಪಟ್ಟಣದಲ್ಲಿ ರೈಲು ಹತ್ತಬೇಕೆಂದರೆ ಟಿಕೆಟ್ ಎಲ್ಲಿ ತೆಗೆಯಬೇಕು? ಚಿಕ್ಕಮಗಳೂರು ನಿಲ್ದಾಣದಲ್ಲಿ ಬ್ಯಾಗ್ ಇಟ್ಟು ಊರು ಸುತ್ತಿ ಬರಬಹುದೇ? ಹಾಸನದಿಂದ ಬೆಂಗಳೂರಿಗೆಂದು ತೆಗೆದ ಟಿಕೆಟ್ ಅರಸೀಕೆರೆ ಮೇಲೆ ಹೋಗುವ ಗಾಡಿಗೆ ನಡೆಯುವುದಿಲ್ಲವೇ? ಹಿರಿಯ ನಾಗರಿಕರ ರಿಯಾಯಿತಿ ಮತ್ತೆ ಬಂತೇ? ಓದುಗರು ಈ ಪ್ರಶ್ನೆಗಳನ್ನೇ ತಿರುಗಿಸಿ ಮುರುಗಿಸಿ ಕೇಳುತ್ತಿದ್ದಾರೆ. ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೆಡೆ ಬರೆದಿದ್ದೇನೆ.

ಮೊದಲಿಗೆ ಮಾರ್ಗದ ಪರಿಚಯ. ಬೆಂಗಳೂರು–ಹುಬ್ಬಳ್ಳಿ ಮುಖ್ಯ ಮಾರ್ಗದ ಕಡೂರಿನಲ್ಲಿ ಕವಲೊಡೆದು ಚಿಕ್ಕಮಗಳೂರಿಗೆ ಹೋಗುವ ಸುಮಾರು 46 ಕಿ.ಮೀ. ಉದ್ದದ ಹಳಿ ಇದು. 2013ರ ನವೆಂಬರ್‌ನಲ್ಲಿ ಸಂಚಾರಕ್ಕೆ ತೆರೆಯಿತು. ನಡುವೆ ಬಿಸಲೇಹಳ್ಳಿ, ಸಖರಾಯಪಟ್ಟಣ ಮತ್ತು ಕಣಿವೆಹಳ್ಳಿ ನಿಲ್ದಾಣಗಳಿವೆ. ಆಡಳಿತ ನೈಋತ್ಯ ರೈಲ್ವೆಯ ಮೈಸೂರು ವಿಭಾಗದ್ದು. ಬೇಲೂರಿನ ಮೂಲಕ ಹಾಸನಕ್ಕೆ ಜೋಡಿಸುವ ಮಾರ್ಗ ಮುಗಿಯುವ ತನಕ ಚಿಕ್ಕಮಗಳೂರು ಹಳಿಯ ಕೊನೆಯೇ. ಅಂದರೆ ಚಿಕ್ಕಮಗಳೂರಿನಿಂದ ಹಾಸನಕ್ಕೆ ರೈಲಿನಲ್ಲಿ ಹೋಗಬೇಕೆಂದರೆ ಕಡೂರು, ಅರಸೀಕೆರೆ ಸುತ್ತಬೇಕು. ಬೇಲೂರಿನ ಮೇಲೆ ಬಸ್ ಇರುವಾಗ ಆ ಸುತ್ತು ರೈಲು ಮೋಹಿಗಳಿಗೆ ಮಾತ್ರ.

ಇಲ್ಲಿ ಹೇಳಿರುವ ಹೆಚ್ಚಿನ ಮಾತು ಹಾಸನ ಜಿಲ್ಲೆಯ ಸಣ್ಣ ನಿಲ್ದಾಣಗಳಿಗೂ ಹೊಂದುತ್ತದೆ. ವ್ಯತ್ಯಾಸ ಇರುವಲ್ಲಿ ಹೇಳುತ್ತೇನೆ.

ಹೊರಡುವ ಮುನ್ನ ಕೈಯಲ್ಲಿ ಇರಬೇಕಾದದ್ದು

ಚಿಲ್ಲರೆ ಹಣ, ಗುರುತಿನ ಚೀಟಿ, ಪೂರ್ತಿ ಚಾರ್ಜ್ ಆದ ಮೊಬೈಲ್, ಕುಡಿಯುವ ನೀರು, ತಿನ್ನಲು ಏನಾದರೂ. ಮಳೆಗಾಲವಾದರೆ ಕೊಡೆ, ಸಣ್ಣ ಪ್ಲಾಟ್‌ಫಾರಂನಲ್ಲಿ ಸೂರು ಇರುವುದು ನಡುವಿನ ಒಂದು ತುಂಡಿಗೆ, ನಿಮ್ಮ ಬೋಗಿ ನಿಲ್ಲುವುದು ಹೆಚ್ಚಾಗಿ ಅದರಾಚೆ.

1. ನಿಮ್ಮ ನಿಲ್ದಾಣ ಯಾವ ಬಗೆಯದೆಂದು ತಿಳಿದುಕೊಳ್ಳಿ

ಎಲ್ಲ ನಿಲ್ದಾಣಗಳೂ ಒಂದೇ ಅಲ್ಲ. ರೈಲ್ವೆ 2017ರಿಂದ ನಿಲ್ದಾಣಗಳನ್ನು ಹೊಸದಾಗಿ ವಿಂಗಡಿಸಿದೆ: ಮಹಾನಗರದ ಉಪನಗರ ರೈಲುಗಳಿಗೆ ಸೇರದವು ಎನ್‌ಎಸ್‌ಜಿ 1ರಿಂದ 6, ಹಾಲ್ಟ್‌ಗಳು, ಅಂದರೆ ಗಾಡಿ ನಿಂತು ಹೋಗಲಷ್ಟೇ ಇರುವ ತಾಣಗಳು, ಎಚ್‌ಜಿ 1ರಿಂದ 3. ಅಂಕಿ ದೊಡ್ಡದಾದಷ್ಟೂ ನಿಲ್ದಾಣ ಸಣ್ಣದು. ಎಷ್ಟು ಜನ ಅಲ್ಲಿಂದ ಹೊರಡುತ್ತಾರೆ, ಟಿಕೆಟ್ ಆದಾಯ ಎಷ್ಟು ಎಂಬುದರ ಮೇಲೆ ಈ ದರ್ಜೆ. ಕುಡಿಯುವ ನೀರಿನ ನಲ್ಲಿ, ಬೆಂಚು, ನೆರಳು, ಶೌಚಾಲಯ ಎಷ್ಟಿರಬೇಕು ಎಂಬ ಲೆಕ್ಕವೂ ದರ್ಜೆಗೇ ಅಂಟಿಕೊಂಡಿದೆ. ‘ನಮ್ಮೂರಿನ ನಿಲ್ದಾಣದಲ್ಲಿ ಏನೂ ಇಲ್ಲ’ ಎಂಬ ದೂರಿನ ಬೇರು ಬಹುಪಾಲು ಇಲ್ಲಿದೆ.

ಪ್ರಯಾಣಿಕನ ದೃಷ್ಟಿಯಿಂದ ಮುಖ್ಯವಾದ ವ್ಯತ್ಯಾಸ ಬೇರೆಯೇ. ಸ್ಟೇಷನ್ ಮಾಸ್ಟರ್ ಇರುವ ನಿಲ್ದಾಣದಲ್ಲಿ ಸಿಗ್ನಲ್ ಇರುತ್ತದೆ, ಎದುರು ಗಾಡಿ ದಾಟಲು ಎರಡನೆಯ ಹಳಿ, ಅಂದರೆ ಲೂಪ್ ಲೈನ್ ಇರುತ್ತದೆ. ಗಾಡಿ ಎಲ್ಲಿದೆ, ಎಷ್ಟು ತಡ ಎಂಬ ನಂಬಬಹುದಾದ ಸುದ್ದಿ ಅವರ ಬಳಿ ಸಿಗುತ್ತದೆ. ಹಾಲ್ಟ್‌ನಲ್ಲಿ ಸಾಮಾನ್ಯವಾಗಿ ಇವು ಯಾವುವೂ ಇಲ್ಲ. ಟಿಕೆಟ್ ಮಾರುವವರೂ ರೈಲ್ವೆ ನೌಕರರಾಗಿರಬೇಕೆಂದಿಲ್ಲ, ಕಮಿಷನ್ ಆಧಾರದ ಏಜೆಂಟ್ ಇರಬಹುದು. ಅವರು ಗಾಡಿ ಬರುವ ಹೊತ್ತಿಗೆ ಬಂದು, ಗಾಡಿ ಹೋದ ಮೇಲೆ ಬಾಗಿಲು ಹಾಕಿಕೊಂಡು ಹೋಗುತ್ತಾರೆ. ಮಧ್ಯಾಹ್ನ ಹೋಗಿ ‘ಯಾರೂ ಇಲ್ಲ’ ಎಂದು ಬೈದುಕೊಂಡರೆ ಪ್ರಯೋಜನವಿಲ್ಲ.

ಇನ್ನೊಂದು ಬಗೆ ಹಾಸನ ಜಿಲ್ಲೆಯ ಘಟ್ಟದಂಚಿನಲ್ಲಿದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕ ಸುಮಾರು 55 ಕಿ.ಮೀ. ಘಟ್ಟದ ಹಾದಿಯಲ್ಲಿ 57 ಸುರಂಗಗಳಿವೆ. ನಡುವೆ ಬರುವ ದೋಣಿಗಲ್, ಕಡಗರವಳ್ಳಿ, ಯಡಕುಮೇರಿ, ಶಿರಿಬಾಗಿಲು ಗಾಡಿಗಳ ಓಡಾಟಕ್ಕೆ ಅನುಕೂಲವಾಗಲೆಂದು ಇರುವ ನಿಲ್ದಾಣಗಳು. ಅಲ್ಲಿ ಇಳಿದು ಹಳಿಯ ಮೇಲೆ ಚಾರಣ ಮಾಡುವುದು ಹಿಂದೆ ಭಾರಿ ಚಾಲ್ತಿಯಲ್ಲಿತ್ತು. ಈಗ ಅದಕ್ಕೆ ನಿಷೇಧವಿದೆ. ರೈಲ್ವೆ ಕಾಯ್ದೆಯ 147ನೇ ಕಲಮಿನಂತೆ ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಸೆರೆ ಅಥವಾ 1,000 ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ. ಹಳೆಯ ವಿಡಿಯೊ ನೋಡಿಕೊಂಡು ಹೊರಡಬೇಡಿ. ಘಟ್ಟ ನೋಡುವ ಆಸೆಯಿದ್ದರೆ ಯಶವಂತಪುರ–ಮಂಗಳೂರು ಕಡೆಯ ಹಗಲು ಗಾಡಿಗಳಲ್ಲಿ 2021ರಿಂದ ದೊಡ್ಡ ಗಾಜಿನ ವಿಸ್ಟಾಡೋಮ್ ಬೋಗಿ ಇದೆ. ಸುರಂಗದೊಳಗೆ ಬಾವಲಿ ವಾಸನೆ ಕುಡಿಯುವುದಕ್ಕಿಂತ ಅದು ವಾಸಿ.

2. ಗಾಡಿ, ದಿನ, ನಿಲುಗಡೆ — ಮೂರನ್ನೂ ಬೇರೆಬೇರೆಯಾಗಿ ನೋಡಿ

ಚಿಕ್ಕಮಗಳೂರು ಹಳಿಯಲ್ಲಿ ಓಡುವ ಗಾಡಿಗಳು ಬೆರಳೆಣಿಕೆಯವು: ಯಶವಂತಪುರ ಕಡೆಗೆ, ಶಿವಮೊಗ್ಗ ಕಡೆಗೆ, ಜೊತೆಗೆ 2025ರ ಜುಲೈನಲ್ಲಿ ಶುರುವಾದ ವಾರಕ್ಕೊಮ್ಮೆಯ ತಿರುಪತಿ ಗಾಡಿ. ಒಂದು ತಪ್ಪಿದರೆ ಅರ್ಧ ಗಂಟೆಯಲ್ಲಿ ಇನ್ನೊಂದು ಬರುತ್ತದೆ ಎಂಬ ಬಸ್ ನಿಲ್ದಾಣದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಆದ್ದರಿಂದ ಕ್ರಮವಾಗಿ ಮೂರು ಪ್ರಶ್ನೆ ಕೇಳಿಕೊಳ್ಳಿ. ಗಾಡಿ ಇದೆಯೇ? ಆ ದಿನ ಓಡುತ್ತದೆಯೇ? ನನ್ನ ನಿಲ್ದಾಣದಲ್ಲಿ ನಿಲ್ಲುತ್ತದೆಯೇ? ಚಿಕ್ಕಮಗಳೂರಿನಲ್ಲಿ ಹತ್ತಬಹುದಾದ ಪ್ರತಿ ಗಾಡಿಯೂ ಕಣಿವೆಹಳ್ಳಿಯಲ್ಲಿ ನಿಲ್ಲುತ್ತದೆ ಎಂದು ಭಾವಿಸಬೇಡಿ.

ಸಮಯಗಳನ್ನು ಬೇಕೆಂದೇ ಇಲ್ಲಿ ಕೊಟ್ಟಿಲ್ಲ. ಅವು ಬದಲಾಗುತ್ತವೆ, ಲೇಖನ ಬದಲಾಗುವುದಿಲ್ಲ. ರೈಲ್ವೆಯದೇ ಆದ ಎನ್‌ಟಿಇಎಸ್ ಆ್ಯಪ್‌ನಲ್ಲಿ ಹೊರಡುವ ದಿನವೇ ನೋಡಿ. ಗಾಡಿ ರದ್ದಾಗಿದ್ದರೆ, ಅರ್ಧದಾರಿಗೆ ಮೊಟಕಾಗಿದ್ದರೆ ಅದೂ ಅಲ್ಲಿ ಕಾಣುತ್ತದೆ. ಹುಡುಕುವಾಗ ಊರಿನ ಹೆಸರಿಗಿಂತ ನಿಲ್ದಾಣದ ಸಂಕೇತಾಕ್ಷರ ಬಳಸುವುದು ಲೇಸು, ಏಕೆಂದರೆ ಚಿಕ್ಕಮಗಳೂರಿನ ಇಂಗ್ಲಿಷ್ ಕಾಗುಣಿತ ಒಂದೊಂದು ಆ್ಯಪ್‌ನಲ್ಲಿ ಒಂದೊಂದು ಥರ. ಚಿಕ್ಕಮಗಳೂರು ಸಿಎಂಜಿಆರ್, ಕಡೂರು ಡಿಆರ್‌ಯು, ಅರಸೀಕೆರೆ ಎಎಸ್‌ಕೆ, ಹಾಸನ ಎಚ್‌ಎಎಸ್, ಸಕಲೇಶಪುರ ಎಸ್‌ಕೆಎಲ್‌ಆರ್. ಕಡೂರಿಗೆ ‘ಕ’ ಇಲ್ಲದ ಸಂಕೇತ ಯಾಕೆ ಬಂತೆಂದು ತಲೆ ಕೆಡಿಸಿಕೊಳ್ಳದೆ ಬಾಯಿಪಾಠ ಮಾಡಿಕೊಳ್ಳಿ.

ಗಾಡಿಯ ಐದಂಕಿ ಸಂಖ್ಯೆಯ ಮೊದಲ ಅಂಕಿಯೂ ಉಪಯುಕ್ತ. 5 ಎಂದರೆ ಪ್ಯಾಸೆಂಜರ್, 6 ಮೆಮು (ವಿದ್ಯುತ್ತಿನಲ್ಲಿ ಓಡುವ ಸ್ಥಳೀಯ ಗಾಡಿ), 7 ಡೆಮು (ಡೀಸೆಲ್‌ನಲ್ಲಿ ಓಡುವಂಥದು). 1 ಮತ್ತು 2 ದೂರದ ಗಾಡಿಗಳು. ಅವುಗಳಲ್ಲಿ 12, 20, 22ರಿಂದ ಶುರುವಾಗುವವು ಸೂಪರ್‌ಫಾಸ್ಟ್. 0 ಇದ್ದರೆ ವಿಶೇಷ ಗಾಡಿ. ಟಿಕೆಟ್ ಕೊಳ್ಳುವಾಗ ಇದು ಬೇಕಾಗುತ್ತದೆ.

3. ಕಾಯ್ದಿರಿಸದ ಟಿಕೆಟ್ ತೆಗೆಯುವುದು

ಹೆಚ್ಚು ಜನ ಎಡವುವುದು ಇಲ್ಲಿ, ಹಾಗಾಗಿ ನಿಧಾನವಾಗಿ ಓದಿ.

ಕೌಂಟರ್‌ನಲ್ಲಿ ಊರಿನ ಹೆಸರಷ್ಟೇ ಹೇಳಬೇಡಿ. ‘ಈ ಗಾಡಿಗೆ, ಇಂಥ ಊರಿಗೆ’ ಎಂದು ಹೇಳಿ. ಪ್ಯಾಸೆಂಜರ್ ಗಾಡಿಯ ಕನಿಷ್ಠ ದರ 10 ರೂಪಾಯಿ, ಎಕ್ಸ್‌ಪ್ರೆಸ್‌ನದು 30 ರೂಪಾಯಿ. ಕೋವಿಡ್ ಕಾಲದಲ್ಲಿ ಪ್ಯಾಸೆಂಜರ್‌ಗಳಿಗೂ ಎಕ್ಸ್‌ಪ್ರೆಸ್ ದರ ಹಾಕಿದ್ದರು. 2024ರ ಫೆಬ್ರುವರಿಯಲ್ಲಿ ಹಳೆಯ ದರ ಮರಳಿತು. ಪ್ಯಾಸೆಂಜರ್ ಟಿಕೆಟ್ ಹಿಡಿದು ಎಕ್ಸ್‌ಪ್ರೆಸ್ ಹತ್ತಿದರೆ ತಪಾಸಣೆಯಲ್ಲಿ ದಂಡ ಬೀಳುತ್ತದೆ. ದಂಡದ ಕನಿಷ್ಠ ಮೊತ್ತ 250 ರೂಪಾಯಿ, ದರದ ಬಾಕಿ ಅದರ ಮೇಲೆ. ಕಡೂರಿನಲ್ಲಿ ಸೂಪರ್‌ಫಾಸ್ಟ್‌ಗೆ ಬದಲಾಯಿಸುವವರು ಅದರ ಹೆಚ್ಚುವರಿ ಶುಲ್ಕವನ್ನೂ ಮೊದಲೇ ಸೇರಿಸಿಕೊಂಡು ಟಿಕೆಟ್ ಕೇಳಬೇಕು.

ಟಿಕೆಟ್ಟಿಗೆ ಆಯಸ್ಸಿದೆ. 200 ಕಿ.ಮೀ. ಒಳಗಿನ ಪ್ರಯಾಣವಾದರೆ ಟಿಕೆಟ್ ತೆಗೆದ ಮೂರು ಗಂಟೆಯೊಳಗೆ ಅಥವಾ ಅಲ್ಲಿಂದ ಹೊರಡುವ ಮೊದಲ ಗಾಡಿಗೆ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಪ್ರಯಾಣ ಶುರುವಾಗಬೇಕು. ಬೆಳಗ್ಗೆಯೇ ಕೊಂಡು ಸಂಜೆಯ ಗಾಡಿ ಹತ್ತುವ ಯೋಚನೆ ಬೇಡ. 200 ಕಿ.ಮೀ. ಮತ್ತು ಮೇಲ್ಪಟ್ಟ ದೂರಕ್ಕೆ ಮೂರು ದಿನ ಮೊದಲೇ ತೆಗೆಯಬಹುದು.

ಮೊಬೈಲ್‌ನಲ್ಲಿ ತೆಗೆಯುವುದಾದರೆ 2025ರ ಜುಲೈನಲ್ಲಿ ಬಂದ ರೈಲ್‌ಒನ್ ಆ್ಯಪ್ ಸಾಕು. ಒಂದು ಷರತ್ತು ಮರೆಯಬೇಡಿ: ಕಾಗದವಿಲ್ಲದ ಟಿಕೆಟ್ಟನ್ನು ನಿಲ್ದಾಣದ ಆವರಣದೊಳಗೆ ನಿಂತು ಅಥವಾ ಗಾಡಿಯಲ್ಲಿ ಕುಳಿತು ತೆಗೆಯಲಾಗುವುದಿಲ್ಲ. ಟಿಕೆಟ್ ಪರೀಕ್ಷಕರು ಕಂಡ ಕೂಡಲೇ ಟಿಕೆಟ್ ಕೊಳ್ಳುವ ಜಾಣರಿಗಾಗಿ ಮಾಡಿದ ಬೇಲಿ ಅದು. ಮನೆಯಲ್ಲೋ ದಾರಿಯಲ್ಲೋ ತೆಗೆಯಿರಿ. ನಿಲ್ದಾಣದೊಳಗೇ ತೆಗೆಯಬೇಕಾದರೆ ಅಲ್ಲಿ ಅಂಟಿಸಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕು. ಸ್ಕ್ರೀನ್‌ಶಾಟ್ ಟಿಕೆಟ್ ಅಲ್ಲ. ಟಿಕೆಟ್ಟನ್ನು ಆ್ಯಪ್‌ನೊಳಗೇ ತೆರೆದು ತೋರಿಸಬೇಕು. ಕಾಗದವಿಲ್ಲದ ಟಿಕೆಟ್ ರದ್ದಾಗುವುದೂ ಇಲ್ಲ. ಕೌಂಟರ್ ಟಿಕೆಟ್ ರದ್ದು ಮಾಡಿಸಬಹುದಾದರೂ ತಲೆಗೆ 30 ರೂಪಾಯಿ ಕಡಿತವಾಗುತ್ತದೆ. ಹತ್ತು ರೂಪಾಯಿ ಟಿಕೆಟ್ ಹಿಡಿದು ಆ ಸಾಲಿನಲ್ಲಿ ನಿಲ್ಲಬೇಡಿ.

ಕೌಂಟರ್ ಮುಚ್ಚಿದೆ, ನೆಟ್‌ವರ್ಕ್ ಇಲ್ಲ, ಗಾಡಿ ಬಂದೇಬಿಟ್ಟಿತು ಎಂದಾದರೆ? ಹತ್ತುವ ಮುನ್ನ ಟಿಟಿಇ, ಅಂದರೆ ಟಿಕೆಟ್ ಪರೀಕ್ಷಕರು, ಅಥವಾ ಗಾರ್ಡ್ ಬಳಿ ಹೋಗಿ ವಿಷಯ ತಿಳಿಸಿ, ಅನುಮತಿ ಪಡೆಯಿರಿ. ಗಾರ್ಡ್ ಹುದ್ದೆಗೆ 2022ರಿಂದ ಟ್ರೈನ್ ಮ್ಯಾನೇಜರ್ ಎಂಬ ಹೆಸರು. ಅವರು ಇರುವುದು ಕೊನೆಯ ಬೋಗಿಯಲ್ಲಿ. ಮೊದಲೇ ಹೇಳಿ ಹತ್ತಿದವರು ಮತ್ತು ಸಿಕ್ಕಿಬಿದ್ದ ಮೇಲೆ ಕಾರಣ ಹೇಳಿದವರು ನಿಯಮದ ಕಣ್ಣಿಗೆ ಒಂದೇ ಅಲ್ಲ.

ಮಕ್ಕಳ ವಿಷಯ ಚುಟುಕಾಗಿ: ಐದು ವರ್ಷದೊಳಗಿನವರಿಗೆ ಟಿಕೆಟ್ ಬೇಡ, ಐದರಿಂದ ಹನ್ನೆರಡರೊಳಗಿನವರಿಗೆ ಅರ್ಧ, ಕಾಯ್ದಿರಿಸಿದ ಬೋಗಿಯಲ್ಲಿ ಪ್ರತ್ಯೇಕ ಬರ್ತ್ ಕೇಳಿದರೆ ಪೂರ್ತಿ. ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತದ್ದು ಮರಳಿಲ್ಲ. ಕೆಳಗಿನ ಬರ್ತ್‌ನ ಆದ್ಯತೆ ಮಾತ್ರ ಇದೆ: ಗಂಡಸರಿಗೆ 60, ಹೆಂಗಸರಿಗೆ 45 ವರ್ಷ ತುಂಬಿರಬೇಕು.

4. ‘ಯಾವ ದಾರಿ’ ಎಂಬುದನ್ನು ಟಿಕೆಟ್ ಮೇಲೆ ಓದಿ

ಹಾಸನದವರಿಗೆ ಇದು ಬಹಳ ಮುಖ್ಯ. ಶ್ರವಣಬೆಳಗೊಳ, ಕುಣಿಗಲ್ ಮೇಲಿನ ಹಳಿ 2017ರಲ್ಲಿ ತೆರೆದ ಮೇಲೆ ಹಾಸನದಿಂದ ಬೆಂಗಳೂರಿಗೆ ಹತ್ತಿರದ ದಾರಿ ಅದೇ. ಅರಸೀಕೆರೆ, ತುಮಕೂರು ಮೇಲಿನ ಹಳೆಯ ದಾರಿ ಉದ್ದ, ಆದ್ದರಿಂದ ದರವೂ ತುಸು ಹೆಚ್ಚು. ಆ್ಯಪ್ ಎರಡನ್ನೂ ತೋರಿಸುತ್ತದೆ. ಅವಸರದಲ್ಲಿ ಅಗ್ಗದ್ದನ್ನು ಒತ್ತಿ ಅರಸೀಕೆರೆ ಗಾಡಿ ಹತ್ತಿದರೆ ಟಿಕೆಟ್ ಇದ್ದೂ ತಪ್ಪಿತಸ್ಥರಾಗುತ್ತೀರಿ. ಯಾವ ದಾರಿ ಎಂದು ಹೇಳುವ ಸಣ್ಣಕ್ಷರದ ಸಾಲನ್ನು ಕೌಂಟರ್ ಬಿಡುವ ಮುನ್ನ ಓದಿ.

ಚಿಕ್ಕಮಗಳೂರಿನಿಂದ ದೂರ ಹೋಗುವವರು ಕಡೂರಿಗೊಂದು, ಅಲ್ಲಿಂದ ಮುಂದಕ್ಕೊಂದು ಎಂದು ಎರಡು ಟಿಕೆಟ್ ತೆಗೆಯುವ ಅಗತ್ಯವಿಲ್ಲ. ಕೊನೆಯ ಊರಿಗೇ ಒಂದು ಟಿಕೆಟ್ ತೆಗೆಯಿರಿ. ದೂರ ಹೆಚ್ಚಿದಂತೆ ಕಿಲೋಮೀಟರ್ ದರ ಇಳಿಯುವುದರಿಂದ ಸಾಮಾನ್ಯವಾಗಿ ಅದು ಅಗ್ಗ, ಕಡೂರಿನಲ್ಲಿ ಸಾಲಿನಲ್ಲಿ ನಿಲ್ಲುವುದೂ ತಪ್ಪುತ್ತದೆ. ಇನ್ನೊಂದು ಲಾಭ ಊರಿಗೆ: ಆ ಆದಾಯ ನೀವು ಹತ್ತಿದ ಸಣ್ಣ ನಿಲ್ದಾಣದ ಹೆಸರಿಗೆ ಬೀಳುತ್ತದೆ. ಬಸ್ಸಿನಲ್ಲಿ ಕಡೂರಿಗೆ ಹೋಗಿ ಅಲ್ಲಿ ಟಿಕೆಟ್ ಕೊಂಡರೆ ಸಖರಾಯಪಟ್ಟಣದ ಲೆಕ್ಕದಲ್ಲಿ ನೀವು ಇಲ್ಲವೇ ಇಲ್ಲ.

5. ಸೀಟು ಕಾಯ್ದಿರಿಸುವವರಿಗೆ

2024ರ ನವೆಂಬರ್‌ನಿಂದ ಮುಂಗಡ ಅವಧಿ 60 ದಿನ. ಸಣ್ಣ ನಿಲ್ದಾಣದ ಕೌಂಟರ್‌ನಲ್ಲಿ ಇದಕ್ಕೆ ಸೌಲಭ್ಯವಿದ್ದರೂ ಸಮಯ ಕಡಿಮೆ, ಭಾನುವಾರ ಮಧ್ಯಾಹ್ನಕ್ಕೇ ಮುಚ್ಚುವುದು ಸಾಮಾನ್ಯ. ತತ್ಕಾಲ್ ಟಿಕೆಟ್ ಗಾಡಿ ಹೊರಡುವ ಹಿಂದಿನ ದಿನ ತೆರೆಯುತ್ತದೆ: ಎಸಿ ದರ್ಜೆಗೆ ಬೆಳಗ್ಗೆ 10, ಉಳಿದವಕ್ಕೆ 11. 2025ರ ಜುಲೈನಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ಜೋಡಣೆಯಾದ ಖಾತೆ ಬೇಕು. ಹಿಂದಿನ ರಾತ್ರಿಯೇ ಜೋಡಿಸಿಡಿ, 10.59ಕ್ಕೆ ಅಲ್ಲ.

ವೇಟಿಂಗ್ ಪಟ್ಟಿಯಲ್ಲೂ ಜಾತಿಗಳಿವೆ. ಗಾಡಿ ಹೊರಡುವ ಊರಿನ ಕಡೆಯವರಿಗೆ ಜಿಎನ್‌ಡಬ್ಲ್ಯುಎಲ್. ನಡುವಿನ ನಿಲ್ದಾಣದವರಿಗೆ ಆರ್‌ಎಲ್‌ಡಬ್ಲ್ಯುಎಲ್ ಅಥವಾ ಪಿಕ್ಯುಡಬ್ಲ್ಯುಎಲ್. ಕೊನೆಯ ಎರಡರಲ್ಲಿ ಸೀಟಿನ ಪಾಲೇ ಕಡಿಮೆ, ಖಚಿತವಾಗುವ ಸಂಭವವೂ ಕಡಿಮೆ. ಸಕಲೇಶಪುರದಿಂದ ಸೀಟಿಲ್ಲ ಎಂದು ತೋರಿಸಿದರೆ ಅದೇ ಗಾಡಿಗೆ ಹಿಂದಿನ ದೊಡ್ಡ ನಿಲ್ದಾಣದಿಂದ ಹುಡುಕಿ, ಹತ್ತುವ ಸ್ಥಳ ಮಾತ್ರ ಸಕಲೇಶಪುರ ಎಂದು ನಮೂದಿಸಬಹುದು. ತುಸು ಹೆಚ್ಚು ದುಡ್ಡು, ಆದರೆ ಕಾನೂನುಬದ್ಧ. ನಮೂದಿಸದೆ ಸುಮ್ಮನೆ ಮುಂದಿನ ನಿಲ್ದಾಣದಲ್ಲಿ ಹತ್ತಿದರೆ ನಿಮ್ಮ ಸೀಟು ಬೇರೆಯವರ ಪಾಲಾಗಿರಬಹುದು.

6. ನಿಲ್ದಾಣದಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಕವಲು ಮಾರ್ಗದ ನಡುವಿನ ನಿಲ್ದಾಣಗಳಲ್ಲಿ ನಿರೀಕ್ಷಿಸಬಹುದಾದದ್ದು: ಟಿಕೆಟ್ ಕಿಂಡಿ, ಕೆಲವು ಬೆಂಚು, ನೀರಿನ ನಲ್ಲಿ, ದೀಪ, ಸಮುದ್ರಮಟ್ಟದಿಂದ ಎತ್ತರ ಬರೆದ ಹಳದಿ ಫಲಕ. ನಿರೀಕ್ಷಿಸಬಾರದ್ದು: ಹೋಟೆಲು, ಸಾಮಾನು ಇಡುವ ಕೊಠಡಿ, ರಾತ್ರಿ ತಂಗುವ ಕೊಠಡಿ, ಹಮಾಲರು, ಲಿಫ್ಟ್. ಶೌಚಾಲಯ ಇದ್ದರೂ ಬೀಗ ಹಾಕಿರಬಹುದು. ಬೀಗದ ಕೈ ಎಲ್ಲಿದೆ ಎಂದು ಸ್ಟೇಷನ್ ಮಾಸ್ಟರ್ ಕೊಠಡಿಯಲ್ಲಿ ಸಂಕೋಚವಿಲ್ಲದೆ ಕೇಳಿ. ಅದು ಅವರ ಸ್ವಂತ ಆಸ್ತಿಯಲ್ಲ.

ಬ್ಯಾಗ್ ಇಟ್ಟು ಮುಳ್ಳಯ್ಯನಗಿರಿಗೆ ಹೋಗಿಬರುವ ಯೋಜನೆಯಿದ್ದರೆ ನಿಲ್ದಾಣವನ್ನು ನೆಚ್ಚಬೇಡಿ, ತಂಗುವ ಹೋಂಸ್ಟೇಯಲ್ಲೇ ಬಿಡಿ. ಬಿಡಲು ಅಥವಾ ಕರೆದುಕೊಂಡು ಬರಲು ಬಂದವರು ಪ್ಲಾಟ್‌ಫಾರಂ ಟಿಕೆಟ್ ತೆಗೆಯಬೇಕು: 10 ರೂಪಾಯಿ, ಎರಡು ಗಂಟೆ ಬಾಳಿಕೆ. ‘ಇಷ್ಟು ಸಣ್ಣ ನಿಲ್ದಾಣಕ್ಕೆ ಅದೆಲ್ಲ ಯಾಕೆ’ ಎಂಬ ವಾದ ತಪಾಸಣೆ ದಿನ ನಡೆಯುವುದಿಲ್ಲ.

7. ಗಾಡಿ ಹತ್ತುವುದು

ಸಣ್ಣ ನಿಲ್ದಾಣದಲ್ಲಿ ಗಾಡಿ ನಿಲ್ಲುವುದು ಒಂದೋ ಎರಡೋ ನಿಮಿಷ. ಪ್ಲಾಟ್‌ಫಾರಂ ತಗ್ಗಿರಬಹುದು. ಎತ್ತರದ ಪ್ಲಾಟ್‌ಫಾರಂ ಹಳಿಯ ಮಟ್ಟದಿಂದ 760 ಮಿ.ಮೀ.ಗಿಂತ ಮೇಲಿದ್ದರೆ, ಮಧ್ಯಮದ್ದು 455 ಮಿ.ಮೀ.; ಕೆಲವೆಡೆ ಬಹುತೇಕ ಹಳಿಯ ಮಟ್ಟದ್ದೇ. ತಗ್ಗಿನಿಂದ ಹತ್ತುವಾಗ ಬೋಗಿಯ ಕೆಳಗಿನ ಕಬ್ಬಿಣದ ಮೆಟ್ಟಿಲು ಮಂಡಿಯೆತ್ತರಕ್ಕೆ ಬರುತ್ತದೆ, ಮೆಟ್ಟಿಲುಗಳ ನಡುವೆ ಕೆಳಗಿನ ಜಲ್ಲಿ ಕಾಣುತ್ತದೆ, ಹಿಡಿಕೆ ಮಳೆಯಲ್ಲಿ ಜಾರುತ್ತದೆ. ಸೀರೆಯುಟ್ಟ ಅಜ್ಜಿಯೊಬ್ಬರು ಹತ್ತಲು ಅರ್ಧ ನಿಮಿಷ ಬೇಕು. ಕ್ರಮ ಹೀಗಿರಲಿ: ಮೊದಲು ಗಟ್ಟಿಮುಟ್ಟಾದ ಒಬ್ಬರು ಹತ್ತಲಿ, ಅವರು ಕೈಕೊಟ್ಟು ಹಿರಿಯರನ್ನೂ ಮಕ್ಕಳನ್ನೂ ಮೇಲೆತ್ತಲಿ, ಇನ್ನೊಬ್ಬರು ಕೆಳಗೆ ಉಳಿದು ಸಾಮಾನು ಕೊಡಲಿ, ಕೊನೆಗೆ ಅವರು ಹತ್ತಲಿ. ಸಾಮಾನು ಮೊದಲು ಎಸೆದು ಜನ ಕೆಳಗುಳಿಯುವುದು ಇಲ್ಲಿನ ಹಳೆಯ ಕಥೆ.

ಜನರಲ್ ಬೋಗಿಗಳು ಸಾಮಾನ್ಯವಾಗಿ ಗಾಡಿಯ ಎರಡೂ ತುದಿಯಲ್ಲಿರುತ್ತವೆ. ಬೋಗಿ ಸೂಚಿಸುವ ಫಲಕ ಇರುವುದಿಲ್ಲ. ಬೋಗಿಗಳ ಕ್ರಮವನ್ನು ಆ್ಯಪ್‌ನಲ್ಲಿ ಮೊದಲೇ ನೋಡಿ, ಆ ತುದಿಯಲ್ಲೇ ನಿಂತಿರಿ. ಸೂರಿನಡಿ ಗುಂಪಾಗಿ ನಿಂತು ಗಾಡಿ ಬಂದ ಮೇಲೆ ಓಡುವುದು ಅಪಾಯ.

ಇದು ಒಂಟಿ ಹಳಿ. ಎದುರು ಗಾಡಿಗೆ ದಾರಿ ಬಿಡಲು ಒಂದು ಗಾಡಿ ಲೂಪ್ ಲೈನಿನಲ್ಲಿ ಕಾಯುತ್ತದೆ. ಇದನ್ನೇ ಕ್ರಾಸಿಂಗ್ ಎನ್ನುವುದು. ಆ ದಿನ ನಿಮ್ಮ ಗಾಡಿ ಎಂದಿನ ಪ್ಲಾಟ್‌ಫಾರಂಗೆ ಬರದಿರಬಹುದು. ಮೇಲ್ಸೇತುವೆ ಇದ್ದರೆ ಅದನ್ನೇ ಬಳಸಿ. ಇಲ್ಲವಾದರೆ ಎಲ್ಲಿ, ಯಾವಾಗ ದಾಟಬೇಕೆಂದು ಸಿಬ್ಬಂದಿಯನ್ನು ಕೇಳಿ. ನಿಂತ ಗಾಡಿಯ ಅಡಿಯಲ್ಲಿ ನುಸುಳುವವರನ್ನು ಅನುಸರಿಸಬೇಡಿ.

8. ಕಡೂರಿನಲ್ಲಿ ಬದಲಾಯಿಸುವುದು

ಕಾಯ್ದಿರಿಸಿದ ಮುಖ್ಯ ಮಾರ್ಗದ ಗಾಡಿ ಹಿಡಿಯಬೇಕಾದರೆ ಕಡೂರಿನಲ್ಲಿ ಕನಿಷ್ಠ ಒಂದೂವರೆ ಗಂಟೆ ಅಂತರ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ. ಕವಲು ಮಾರ್ಗದ ಗಾಡಿಯನ್ನು ಮುಖ್ಯ ಮಾರ್ಗದ ಗಾಡಿಗಾಗಿ ಹೊರಗೆ ನಿಲ್ಲಿಸುವುದುಂಟು, ತಿರುಗಾಮುರುಗಾ ಆಗುವುದು ಅಪರೂಪ. ನೀವು ಹಿಡಿಯಬೇಕಾದ ಗಾಡಿ ಕಡೂರಿನಲ್ಲಿ ನಿಲ್ಲದೆ ಬೀರೂರಿನಲ್ಲಿ ನಿಲ್ಲುವುದೂ ಇದೆ, ಟಿಕೆಟ್ ತೆಗೆಯುವಾಗಲೇ ನೋಡಿಕೊಳ್ಳಿ. ಎರಡೂ ಹತ್ತಿರದ ಊರುಗಳು, ಬಸ್ಸಿಗೆ ಬರವಿಲ್ಲ. ಬೆಳಗಿನ ಗಾಡಿ ತಡವೆಂದು ಚಿಕ್ಕಮಗಳೂರಿನಲ್ಲೇ ಗೊತ್ತಾದರೆ ಕಾಯಬೇಡಿ, ಕಡೂರಿಗೆ ರಸ್ತೆಯಲ್ಲಿ ಸುಮಾರು 40 ಕಿ.ಮೀ.; ಬಸ್ ಹತ್ತಿ.

ಮಳೆಗಾಲದಲ್ಲಿ ಹಾಸನ–ಮಂಗಳೂರು ಕಡೆಗೆ ಹೋಗುವವರು ಇನ್ನೂ ಎಚ್ಚರವಾಗಿರಬೇಕು. 2024ರ ಜುಲೈನಲ್ಲಿ ಕಡಗರವಳ್ಳಿ–ಯಡಕುಮೇರಿ ನಡುವೆ ಭೂಕುಸಿತವಾಗಿ ಸಂಚಾರ ದಿನಗಟ್ಟಲೆ ನಿಂತಿತ್ತು. ಗಾಡಿ ಮೂರು ಗಂಟೆಗಿಂತ ಹೆಚ್ಚು ತಡವಾಗಿ ನೀವು ಪ್ರಯಾಣ ಕೈಬಿಟ್ಟರೆ ಕಾಯ್ದಿರಿಸಿದ ಟಿಕೆಟ್ಟಿನ ಪೂರ್ತಿ ಹಣ ವಾಪಸ್ ಬರುತ್ತದೆ. ಇ–ಟಿಕೆಟ್ ಆದರೆ ಗಾಡಿ ನಿಮ್ಮ ನಿಲ್ದಾಣ ಬಿಡುವ ಮುನ್ನ ಟಿಡಿಆರ್, ಅಂದರೆ ಹಣ ವಾಪಸಿಯ ಕೋರಿಕೆ, ಆನ್‌ಲೈನ್‌ನಲ್ಲಿ ಹಾಕಿರಬೇಕು.

9. ಇಳಿದ ಮೇಲೆ

ಗಾಡಿ ಬಂದ ಹತ್ತು ನಿಮಿಷದಲ್ಲಿ ಆಟೊಗಳು ಖಾಲಿಯಾಗುತ್ತವೆ. ರಾತ್ರಿ ಇಳಿಯುವವರು ಮೊದಲೇ ಒಬ್ಬರಿಗೆ ಫೋನ್ ಮಾಡಿ ಗೊತ್ತುಪಡಿಸಿ. ಸಖರಾಯಪಟ್ಟಣದಲ್ಲಿ ಇಳಿದು ಅಯ್ಯನಕೆರೆ ನೋಡುವವರು ಹಿಂತಿರುಗುವ ಗಾಡಿಯ ಸಮಯ ನೋಡಿಕೊಂಡೇ ಹೊರಡಿ. ಬೇಲೂರು, ಹಳೇಬೀಡುಗಳಲ್ಲಿ ರೈಲು ಇಲ್ಲ. ಹಾಸನ, ಅರಸೀಕೆರೆ ಅಥವಾ ಚಿಕ್ಕಮಗಳೂರಿನಲ್ಲಿ ಇಳಿದು ಬಸ್ ಹಿಡಿಯಬೇಕು.

10. ಇಲ್ಲದ ಸೌಲಭ್ಯ ಕೇಳುವುದು

ತಕ್ಷಣದ ತೊಂದರೆಗೆ, ಉದಾಹರಣೆಗೆ ದೀಪವಿಲ್ಲ, ನೀರಿಲ್ಲ, ಬೋಗಿಯಲ್ಲಿ ಗಲಾಟೆ ಎಂದಾದರೆ 139ಕ್ಕೆ ಕರೆ ಮಾಡಿ ಅಥವಾ ರೈಲ್ವೆಯ ದೂರು ಆ್ಯಪ್ ಆದ ರೈಲ್ ಮದದ್‌ನಲ್ಲಿ ಫೋಟೊ ಸಮೇತ ಹಾಕಿ. ನಿಲ್ದಾಣದ ಹೆಸರು, ಸಮಯ ಇಲ್ಲದ ದೂರು ಎಲ್ಲಿಗೂ ತಲುಪುವುದಿಲ್ಲ. ದೂರು ಪುಸ್ತಕ ಸ್ಟೇಷನ್ ಮಾಸ್ಟರ್ ಬಳಿ ಇರುತ್ತದೆ, ಕೇಳಿದರೆ ಕೊಡಬೇಕು. ಅದರಲ್ಲಿ ಕನ್ನಡದಲ್ಲೇ ಬರೆಯಿರಿ.

ಹೊಸ ನೆರಳು, ಎತ್ತರದ ಪ್ಲಾಟ್‌ಫಾರಂ, ಹೆಚ್ಚುವರಿ ನಿಲುಗಡೆಯಂಥ ಬೇಡಿಕೆಗಳ ದಾರಿ ಬೇರೆ. ಮೈಸೂರಿನ ವಿಭಾಗೀಯ ರೈಲ್ವೆ ವ್ಯವಸ್ಥಾಪಕರಿಗೆ ಲಿಖಿತ ಮನವಿ ಕೊಡಿ, ಪ್ರತಿಯನ್ನು ಸಂಸದರಿಗೂ ವಿಭಾಗೀಯ ಪ್ರಯಾಣಿಕರ ಸಲಹಾ ಸಮಿತಿಯ ಸದಸ್ಯರಿಗೂ ಕಳುಹಿಸಿ. ಸಂಸದರ ನಿಧಿಯಿಂದ ನಿಲ್ದಾಣದ ಸೌಕರ್ಯಕ್ಕೆ ಹಣ ಕೊಡಲು ಅವಕಾಶವಿದೆ. ನೂರು ಸಹಿಗಿಂತ ಮಾಹಿತಿ ಹಕ್ಕಿನಡಿ ಪಡೆದ ಒಂದು ಹಾಳೆ ಹೆಚ್ಚು ಕೆಲಸ ಮಾಡುತ್ತದೆ: ಕಳೆದ ವರ್ಷ ಈ ನಿಲ್ದಾಣದಿಂದ ಮಾರಾಟವಾದ ಟಿಕೆಟ್ ಎಷ್ಟು, ದರ್ಜೆ ಯಾವುದು, ಆ ದರ್ಜೆಗೆ ಇರಬೇಕಾದ ಕನಿಷ್ಠ ಸೌಲಭ್ಯಗಳಲ್ಲಿ ಯಾವುವು ಇಲ್ಲ. ಮನವಿಯಲ್ಲಿ ಈ ಅಂಕಿಗಳನ್ನೇ ಮೊದಲು ಬರೆಯಿರಿ. ಹೊಸ ನಿಲುಗಡೆಯನ್ನು ಸಾಮಾನ್ಯವಾಗಿ ಪ್ರಾಯೋಗಿಕವಾಗಿ ಕೊಟ್ಟು, ಟಿಕೆಟ್ ಮಾರಾಟ ನೋಡಿ ಮುಂದುವರಿಸುತ್ತಾರೆ. ನಿಲುಗಡೆ ಸಿಕ್ಕ ದಿನ ಹಾರ ಹಾಕಿದವರೆಲ್ಲ ಮುಂದಿನ ತಿಂಗಳುಗಳಲ್ಲಿ ಅದೇ ಕಿಂಡಿಯಲ್ಲಿ ಟಿಕೆಟ್ ಕೊಳ್ಳುವಂತೆ ಊರಿನಲ್ಲಿ ಮೊದಲೇ ಮಾತಾಡಿಕೊಂಡಿರಿ.